ಮುಪ್ಪಿನ ಹೊಣೆ ಯಾರದು?

ದುಡಿಯುವ ಕೈಗಳು ಸೋತ ಮೇಲೆ ಮನುಷ್ಯನ ತುತ್ತಿನ ಹೊಣೆ ಯಾರು ಹೊರಬೇಕು? ಈ ಪ್ರಶ್ನೆಗೆ ಮನುಷ್ಯ ಸಮಾಜ ಇದುವರೆಗೆ ಕಂಡುಕೊಂಡಿರುವ ಉತ್ತರಗಳು ಬಹಳವೇನಿಲ್ಲ. ಹೆತ್ತ ಮಕ್ಕಳು ಹೊರಬೇಕು, ಊರು ಹೊರಬೇಕು, ದುಡಿಸಿಕೊಂಡ ಧಣಿ ಹೊರಬೇಕು, ತಾನೇ ಕೂಡಿಟ್ಟುಕೊಂಡಿರಬೇಕು, ಇಲ್ಲವೇ ಸರಕಾರ ಹೊರಬೇಕು. ಇವುಗಳಲ್ಲಿ ಯಾವುದನ್ನು ಮುಂದಿಡುವುದು, ಯಾವುದನ್ನು ಹಿಂದಕ್ಕೆ ಸರಿಸುವುದು ಎಂಬುದರ ಮೇಲೆಯೇ ಒಂದೊಂದು ದೇಶದ ಸಾಮಾಜಿಕ ನೀತಿಯ ಇತಿಹಾಸ ನಿಂತಿದೆ.

ನಮ್ಮ ವೇದಿಕೆಗಳಲ್ಲಿ ಆಗಾಗ ಒಂದು ಮಾತು ಕೇಳಿಬರುತ್ತದೆ. ಪಾಶ್ಚಾತ್ಯರಲ್ಲಿ ಕುಟುಂಬವೆಂಬುದು ಮುರಿದುಬಿದ್ದಿದೆ, ಮಕ್ಕಳು ತಂದೆ ತಾಯಿಯನ್ನು ನೋಡಿಕೊಳ್ಳುವುದಿಲ್ಲ, ಆದ್ದರಿಂದ ಅಲ್ಲಿ ಪಿಂಚಣಿ ಬೇಕಾಯಿತು. ನಮ್ಮಲ್ಲಿ ಕುಟುಂಬ ಗಟ್ಟಿಯಾಗಿದೆ, ಆದ್ದರಿಂದ ಸರಕಾರದ ಅಗತ್ಯ ಅಷ್ಟಾಗಿ ಇಲ್ಲ ಎಂದು. ಕೇಳಲು ಹಿತವಾದ ಮಾತು. ಆದರೆ ಇತಿಹಾಸವನ್ನು ತೆರೆದು ನೋಡಿದರೆ ಸಂಗತಿ ಹೀಗಿಲ್ಲ. ಮಕ್ಕಳೇ ನೋಡಿಕೊಳ್ಳಬೇಕೆಂದು ಇಂಗ್ಲೆಂಡು 1601ರಲ್ಲೇ ಕಾನೂನು ಬರೆದಿತ್ತು. ಆ ಕಾನೂನನ್ನು ಮುನ್ನೂರು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರಯೋಗಿಸಿ ನೋಡಿ, ಕೊನೆಗೆ ಕೈಬಿಟ್ಟಿತು.

ಬಡತನ ಅಪರಾಧವಾದಾಗ

ಒಂದನೇ ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾಯ್ದೆ ಪ್ರತಿಯೊಂದು ಪ್ಯಾರಿಷ್‌ಗೂ, ಅಂದರೆ ಒಂದು ಇಗರ್ಜಿಗೆ ಸೇರಿದ ಊರಿಗೆ, ತನ್ನ ಬಡವರ ಹೊಣೆಯನ್ನು ವಹಿಸಿತು. ಊರಿನ ಆಸ್ತಿವಂತರಿಂದ ತೆರಿಗೆ ಎತ್ತಿ ಮುದುಕರಿಗೆ, ಕುರುಡರಿಗೆ, ಕೈಕಾಲಿಲ್ಲದವರಿಗೆ ನೆರವು ಕೊಡಬೇಕು; ಗಟ್ಟಿಮುಟ್ಟಾದವರಿಗೆ ಕೆಲಸ ಕೊಡಬೇಕು; ಕೆಲಸ ಮಾಡಲೊಪ್ಪದವರನ್ನು ಶಿಕ್ಷಿಸಬೇಕು. ಇದರ ಜೊತೆಗೇ, ಶಕ್ತಿಯುಳ್ಳ ಮಕ್ಕಳು ಬಡ ಹೆತ್ತವರನ್ನು ಪೋಷಿಸತಕ್ಕದ್ದು ಎಂಬ ಕಟ್ಟಳೆಯೂ ಇತ್ತು. ಆ ಕಾಲಕ್ಕೆ ಇದು ಸಣ್ಣ ಹೆಜ್ಜೆಯಲ್ಲ. ದಾನ ಮಾಡುವವನ ಮನಸ್ಸಿಗೆ ಬಿಟ್ಟಿದ್ದನ್ನು ಕಾನೂನು ತೆರಿಗೆಯಾಗಿ ಮಾಡಿತು.

ಆದರೆ ಊರಿನ ಹಣದಿಂದ ಕೊಡಬೇಕೆಂದಾದ ಕೂಡಲೇ ‘ಇವನು ನಮ್ಮೂರಿನವನೇ?’ ಎಂಬ ಪ್ರಶ್ನೆ ಹುಟ್ಟಿಕೊಂಡಿತು. 1662ರ ಕಾಯ್ದೆ ಪರವೂರಿನ ಬಡವರನ್ನು ಅವರ ಸ್ವಂತ ಪ್ಯಾರಿಷ್‌ಗೆ ಹಿಂದಕ್ಕೆ ಅಟ್ಟುವ ಅಧಿಕಾರ ಕೊಟ್ಟಿತು. ಕೂಲಿ ಅರಸಿ ಹೋದ ಊರಿನಲ್ಲಿ ರೇಷನ್ ಕಾರ್ಡು ನಡೆಯದೆ ಪರದಾಡಿದ ನಮ್ಮ ವಲಸೆ ಕಾರ್ಮಿಕರಿಗೆ ಈ ಕಥೆ ಹೊಸದೆನಿಸಲಿಕ್ಕಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಬಡವರ ತೆರಿಗೆ ಏರುತ್ತಾ ಹೋಯಿತು. ನೆರವು ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಅರ್ಥಶಾಸ್ತ್ರಜ್ಞರ ವಾದ ಬಲವಾಯಿತು. ಅದರ ಫಲ 1834ರ ಹೊಸ ಬಡವರ ಕಾಯ್ದೆ. ಅದರ ಹಿಂದಿನ ತತ್ತ್ವ ಬಹಳ ಸರಳ: ನೆರವು ಪಡೆಯುವವನ ಬದುಕು ಹೊರಗೆ ದುಡಿಯುವ ಕಡುಬಡ ಕೂಲಿಯವನ ಬದುಕಿಗಿಂತಲೂ ಹೀನವಾಗಿರಬೇಕು. ಆಗ ನಿಜಕ್ಕೂ ದಿಕ್ಕಿಲ್ಲದವನು ಮಾತ್ರ ಬರುತ್ತಾನೆ. ಹಾಗೆ ಬಂದವರನ್ನು ಇಡಲು ಕಟ್ಟಿದ್ದೇ ವರ್ಕ್‌ಹೌಸ್. ಒಳಗೆ ಹೋದವರಿಗೆ ಸಮವಸ್ತ್ರ, ಅಳೆದು ಕೊಡುವ ಊಟ, ಕಲ್ಲು ಒಡೆಯುವ ಅಥವಾ ಹಳೆಯ ಹಗ್ಗ ಬಿಡಿಸುವ ಕೆಲಸ. ಗಂಡನಿಗೊಂದು ವಿಭಾಗ, ಹೆಂಡತಿಗೊಂದು, ಮಕ್ಕಳಿಗೆ ಇನ್ನೊಂದು.

ಈ ಕಾಯ್ದೆಯ ಗುರಿ ಇದ್ದುದು ಸೋಮಾರಿಗಳ ಮೇಲೆ. ಆದರೆ ಅದರ ಬಾಯಿಗೆ ಬಿದ್ದವರು ಮುದುಕರು. ಗಟ್ಟಿಮುಟ್ಟಾದವನು ಹೇಗೋ ಕೂಲಿ ಹುಡುಕಿಕೊಂಡು ಹೊರಗೆ ಉಳಿಯುತ್ತಿದ್ದ, ಎಪ್ಪತ್ತರ ಮುದುಕಿ ಎಲ್ಲಿಗೆ ಹೋಗಬೇಕು? ನಲವತ್ತು ವರ್ಷ ಸಂಸಾರ ಮಾಡಿದ ದಂಪತಿಯನ್ನು ಕೊನೆಗಾಲದಲ್ಲಿ ಬೇರೆ ಬೇರೆ ಮಾಡುವುದು ಕ್ರೂರವೆಂಬ ಕೂಗೆದ್ದ ಮೇಲೆ, 1847ರಲ್ಲಿ ಅರುವತ್ತು ದಾಟಿದ ದಂಪತಿ ಕೇಳಿಕೊಂಡರೆ ಒಟ್ಟಿಗೆ ಇರಲು ಕೋಣೆ ಕೊಡಬೇಕೆಂದು ಕಾನೂನು ತಿದ್ದಲಾಯಿತು. ಅದಕ್ಕೆ ಸ್ವಲ್ಪ ಮೊದಲು, 1845ರಲ್ಲಿ, ಆಂಡೋವರ್ ಎಂಬಲ್ಲಿನ ವರ್ಕ್‌ಹೌಸಿನ ಸುದ್ದಿ ಇಡೀ ದೇಶವನ್ನು ನಾಚಿಸಿತ್ತು. ಗೊಬ್ಬರಕ್ಕಾಗಿ ಪುಡಿ ಮಾಡಲು ಕೊಟ್ಟ ಎಲುಬುಗಳಿಗೆ ಅಂಟಿಕೊಂಡಿದ್ದ ಕೊಳೆತ ಮಾಂಸವನ್ನು ಹಸಿದ ಬಡವರು ಕಚ್ಚಿ ತಿನ್ನುತ್ತಿದ್ದರು. ಸಂಸತ್ತು ವಿಚಾರಣೆ ನಡೆಸಿತು, ಆಡಳಿತ ಮಂಡಳಿ ಬದಲಾಯಿತು. ವರ್ಕ್‌ಹೌಸ್ ಮಾತ್ರ ಉಳಿಯಿತು.

ಬದುಕಿದ್ದಾಗಿನ ಅವಮಾನ ಒಂದಾದರೆ ಸತ್ತ ಮೇಲಿನದು ಇನ್ನೊಂದು. ವರ್ಕ್‌ಹೌಸಿನಲ್ಲಿ ಸತ್ತು, ವಾರಸುದಾರರು ಬಾರದ ಹೆಣಗಳನ್ನು ವೈದ್ಯಕೀಯ ಶಾಲೆಗಳಿಗೆ ಕೊಯ್ಯಲು ಕೊಡಬಹುದೆಂದು 1832ರ ಒಂದು ಕಾಯ್ದೆ ಹೇಳಿತ್ತು. ಸರಿಯಾದ ಮಣ್ಣು ಸಿಗಲಿ ಎಂಬ ಒಂದೇ ಆಸೆಗಾಗಿ ಬಡವರು ಹೊಟ್ಟೆ ಕಟ್ಟಿ ವಾರವಾರ ಪೆನ್ನಿಗಳನ್ನು ಶವಸಂಸ್ಕಾರದ ವಿಮೆಗೆ ಕಟ್ಟುತ್ತಿದ್ದರು. ಇಷ್ಟು ಸಾಲದೆಂಬಂತೆ, ಬಡವರ ನೆರವು ಪಡೆದವನಿಗೆ 1918ರವರೆಗೆ ಮತದಾನದ ಹಕ್ಕೂ ಇರಲಿಲ್ಲ. ಅನ್ನ ಬೇಕೇ, ಪೌರತ್ವ ಬೇಕೇ ಎಂದು ಕೇಳಿದ ಹಾಗಾಯಿತು.

ಬಿಸ್ಮಾರ್ಕನ ಲೆಕ್ಕಾಚಾರ

ಇದಕ್ಕೆ ಪೂರ್ತಿ ಬೇರೆಯದೇ ಉತ್ತರ ಬಂದದ್ದು ಜರ್ಮನಿಯಿಂದ. ಉತ್ತರ ಕೊಟ್ಟವನು ಬಡವರ ಬಂಧುವೇನೂ ಅಲ್ಲ. ಚಾನ್ಸಲರ್ ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ಸಭೆ, ಸಂಘಟನೆ, ಪತ್ರಿಕೆಗಳನ್ನೆಲ್ಲ ನಿಷೇಧಿಸಿದ ಮನುಷ್ಯ. ಆದರೆ ಬರೇ ದೊಣ್ಣೆಯಿಂದ ಕಾರ್ಮಿಕರನ್ನು ಗೆಲ್ಲಲಾಗದು ಎಂಬುದು ಅವನಿಗೆ ಗೊತ್ತಿತ್ತು. ಮುಪ್ಪಿನಲ್ಲಿ ಸರಕಾರದಿಂದ ನಾಲ್ಕು ಕಾಸು ಬರುವುದೆಂಬ ನಂಬಿಕೆ ಇರುವವನು ಕ್ರಾಂತಿಗೆ ಹೋಗಲಾರ ಎಂಬುದು ಅವನ ಲೆಕ್ಕ. 1881ರ ನವೆಂಬರಿನಲ್ಲಿ ಚಕ್ರವರ್ತಿ ಒಂದನೇ ವಿಲ್‌ಹೆಲ್ಮನ ಹೆಸರಿನಲ್ಲಿ ಘೋಷಣೆ ಹೊರಟಿತು. 1883ರಲ್ಲಿ ಕಾಯಿಲೆಯ ವಿಮೆ, 1884ರಲ್ಲಿ ಅಪಘಾತ ವಿಮೆ, 1889ರಲ್ಲಿ ಮುಪ್ಪು ಮತ್ತು ಅಂಗವೈಕಲ್ಯದ ವಿಮೆ ಕಾನೂನಾದವು.

ಬಿಸ್ಮಾರ್ಕನ ಇಷ್ಟ ಇದ್ದುದು ಸರಕಾರವೇ ಹಣ ಕೊಟ್ಟು ಕಾರ್ಮಿಕರನ್ನು ತನ್ನ ಋಣದಲ್ಲಿಟ್ಟುಕೊಳ್ಳಬೇಕೆಂದು. ಅದಕ್ಕಾಗಿ ತಂಬಾಕಿನ ವ್ಯಾಪಾರವನ್ನು ಸರಕಾರದ ಏಕಸ್ವಾಮ್ಯಕ್ಕೆ ತರಲು ಹೊರಟ. ಸಂಸತ್ತು 1882ರಲ್ಲಿ ಅದನ್ನು ತಳ್ಳಿಹಾಕಿತು. ಹಾಗಾಗಿ ಉಳಿದದ್ದು ವಂತಿಗೆಯ ದಾರಿ: ಅರ್ಧ ಕಾರ್ಮಿಕ, ಅರ್ಧ ಧಣಿ, ಮೇಲಿಂದ ಒಂದೊಂದು ಪಿಂಚಣಿಗೆ ವರ್ಷಕ್ಕೆ 50 ಮಾರ್ಕ್ ಸರಕಾರದ ಪಾಲು. ಕಾರ್ಮಿಕನ ಬಳಿ ಒಂದು ಕಾರ್ಡು. ವಾರವಾರ ಅದರ ಮೇಲೆ ಅಂಚೆಚೀಟಿಯಂಥ ಒಂದು ಚೀಟಿ ಅಂಟಿಸುವುದು. ಕಾರ್ಡು ತುಂಬಿದಂತೆಲ್ಲ ಹಕ್ಕು ಬೆಳೆಯುತ್ತಿತ್ತು.

ಈ ಹಕ್ಕು ಎಂಬ ಪದವೇ ಇಲ್ಲಿ ಮುಖ್ಯ. ಪಿಂಚಣಿಯ ಮೊತ್ತ ತೀರಾ ಸಣ್ಣದು. ವಯಸ್ಸಿನ ಮಿತಿ ಎಪ್ಪತ್ತು. ಅಲ್ಲಿಯವರೆಗೆ ಬದುಕುತ್ತಿದ್ದ ಕಾರ್ಮಿಕರು ಕೆಲವರೇ. (ಬಿಸ್ಮಾರ್ಕ್ ತನ್ನ ವಯಸ್ಸಿಗೆ ಹೊಂದುವಂತೆ ಅರುವತ್ತೈದನ್ನು ಆರಿಸಿದನೆಂಬ ಕಥೆ ಇಂದಿಗೂ ಚಲಾವಣೆಯಲ್ಲಿದೆ. 1889ರಲ್ಲಿ ಅವನಿಗೆ ಎಪ್ಪತ್ತನಾಲ್ಕು. ಅರುವತ್ತೈದರ ಮಿತಿ ಬಂದದ್ದು 1916ರಲ್ಲಿ, ಅವನು ಸತ್ತ ಎಷ್ಟೋ ವರ್ಷಗಳ ಮೇಲೆ.) ಕಾರ್ಮಿಕನ ವಿಧವೆಗೆ ಆರಂಭದಲ್ಲಿ ಏನೂ ಇರಲಿಲ್ಲ. ಆದರೂ ಜರ್ಮನಿಯ ಮುದಿ ಕಾರ್ಮಿಕ ಯಾರ ಮುಂದೆಯೂ ‘ನಾನು ಬಡವ, ನಾನು ಒಳ್ಳೆಯವ’ ಎಂದು ಸಾಬೀತುಪಡಿಸಬೇಕಾಗಿರಲಿಲ್ಲ. ಕಾರ್ಡು ತೋರಿಸಿದರೆ ಮುಗಿಯಿತು.

ರಾಜಕೀಯವಾಗಿ ಬಿಸ್ಮಾರ್ಕನ ಲೆಕ್ಕ ತಪ್ಪಿತು. 1890ರಲ್ಲಿ ಅವನ ಅಧಿಕಾರವೂ ಹೋಯಿತು, ಸಮಾಜವಾದಿಗಳ ಮೇಲಿನ ನಿಷೇಧವೂ ಹೋಯಿತು. 1912ರ ಹೊತ್ತಿಗೆ ಅವರೇ ಸಂಸತ್ತಿನ ಅತಿದೊಡ್ಡ ಪಕ್ಷ. ವಿಮೆ ಮಾತ್ರ ಚಕ್ರವರ್ತಿಯನ್ನೂ ಮೀರಿ, ಎರಡು ಮಹಾಯುದ್ಧಗಳನ್ನೂ ದಾಟಿ ಉಳಿಯಿತು. 1923ರ ಹಣದುಬ್ಬರದಲ್ಲಿ ವರ್ಷಗಟ್ಟಲೆ ಕೂಡಿಟ್ಟ ನಿಧಿ ಬೂದಿಯಾದಾಗಲೂ ವ್ಯವಸ್ಥೆ ಸಾಯಲಿಲ್ಲ. 1957ರಲ್ಲಿ ಅಡೆನಾವರ್ ಸರಕಾರ ಪಿಂಚಣಿಯನ್ನು ದೇಶದ ಕೂಲಿ ದರಕ್ಕೆ ಜೋಡಿಸಿತು. ಕೂಲಿ ಏರಿದರೆ ಪಿಂಚಣಿಯೂ ಏರಬೇಕು. ಮುದುಕರು ಬೆಲೆಯೇರಿಕೆಯ ಹಿಂದೆ ಏದುಸಿರು ಬಿಡುತ್ತಾ ಓಡುವುದು ತಪ್ಪಿತು.

ಐದು ಶಿಲ್ಲಿಂಗ್

ವಂತಿಗೆಯ ದಾರಿಯಲ್ಲಿ ಒಂದು ದೊಡ್ಡ ತೊಡಕಿದೆ. ಖಾಯಂ ಸಂಬಳವಿಲ್ಲದವರು ಕಂತು ಕಟ್ಟುವುದು ಹೇಗೆ? ಮನೆಗೆಲಸದ ಹೆಂಗಸು, ದಿನಗೂಲಿಯವನು, ಸಣ್ಣ ರೈತ ಇವರೆಲ್ಲ ಕಾರ್ಡಿನ ಹೊರಗೇ. ಇದಕ್ಕೆ ಡೆನ್ಮಾರ್ಕ್ 1891ರಲ್ಲಿ ಬೇರೆ ಉಪಾಯ ಹುಡುಕಿತು. ಕಂತು ಬೇಡ; ಅರುವತ್ತು ದಾಟಿದ ಬಡವರಿಗೆ ತೆರಿಗೆಯ ಹಣದಿಂದಲೇ ಕೊಡೋಣ, ಅದನ್ನು ಹಳೆಯ ಬಡವರ ನೆರವಿನಿಂದ ಬೇರೆಯಾಗಿಡೋಣ ಎಂದಿತು. 1898ರಲ್ಲಿ ನ್ಯೂಜಿಲೆಂಡ್ ವರ್ಷಕ್ಕೆ 18 ಪೌಂಡಿನ ಪಿಂಚಣಿ ತಂದಿತು. ಅದನ್ನು ಇಂದಿಗೂ ಹೊಗಳುತ್ತಾರೆ. ಆದರೆ ಚೀನೀಯರಿಗೆ ಮತ್ತು ಇತರ ಏಷ್ಯನರಿಗೆ, ಅವರು ಅಲ್ಲಿನ ಪ್ರಜೆಗಳಾಗಿದ್ದರೂ, ಅದು ಇಲ್ಲವೆಂದು ಆ ಕಾಯ್ದೆಯಲ್ಲೇ ಬರೆದಿತ್ತು. ಆಸ್ಟ್ರೇಲಿಯಾದ 1908ರ ಕಾಯ್ದೆ ಅಲ್ಲಿ ಹುಟ್ಟದ ಏಷ್ಯನರ ಜೊತೆಗೆ ಆ ನೆಲದ ಮೂಲನಿವಾಸಿಗಳನ್ನೂ ಹೊರಗಿಟ್ಟಿತು. 1922ರಲ್ಲಿ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಆ ದೇಶಗಳನ್ನು ಸುತ್ತಿ ಅಲ್ಲಿನ ಭಾರತೀಯರ ಪರವಾಗಿ ಮಾತನಾಡಿದ ಮೇಲೆ, 1926ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವರಿಗೆ ಆಸ್ಟ್ರೇಲಿಯಾ ಬಾಗಿಲು ತೆರೆಯಿತು. ಕಲ್ಯಾಣ ರಾಜ್ಯ ಕಟ್ಟುವಾಗ ‘ನಮ್ಮವರು’ ಯಾರು ಎಂಬ ಗೆರೆಯನ್ನೂ ಕೂಡವೇ ಎಳೆಯಲಾಗುತ್ತದೆ. ಯಾರು ಹೊರಗೆ ಉಳಿದರು ಎಂಬುದು ಹೊಗಳಿಕೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಅಡಿಟಿಪ್ಪಣಿಯಾಗಿ ಬರುತ್ತದೆ.

ಇಂಗ್ಲೆಂಡಿನಲ್ಲಿ ಮನಸ್ಸು ಬದಲಾಗಲು ಒಂದು ಕಾರಣ ಚಾರ್ಲ್ಸ್ ಬೂತ್. ಹಡಗು ಕಂಪೆನಿಯ ಮಾಲಕನಾಗಿದ್ದ ಈತ ತನ್ನ ಸ್ವಂತ ಖರ್ಚಿನಲ್ಲಿ ಲಂಡನ್ನಿನ ಬೀದಿಬೀದಿಯ ಬಡತನವನ್ನು ಎಣಿಸಿ ಬರೆದ. ಅರುವತ್ತೈದು ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಬಡವರ ನೆರವಿಗೆ ಕೈಯೊಡ್ಡಿದ್ದಾರೆಂದು ಅಂಕಿಅಂಶ ಮುಂದಿಟ್ಟ. ಇಷ್ಟು ಮಂದಿ ಮುದುಕರು ಒಮ್ಮೆಲೇ ಸೋಮಾರಿಗಳಾಗಲು ಸಾಧ್ಯವೇ? ಇದು ನಡತೆಯ ದೋಷವಲ್ಲ, ವಯಸ್ಸಿನ ಫಲ ಎಂಬುದು ಅಂಕಿಗಳಿಂದ ಸ್ಪಷ್ಟವಾಯಿತು. ಎಲ್ಲ ವೃದ್ಧರಿಗೂ ವಾರಕ್ಕೆ 5 ಶಿಲ್ಲಿಂಗ್ ಕೊಡಬೇಕೆಂದು ಅವನು ವಾದಿಸಿದ.

ಕೊನೆಗೆ 1908ರಲ್ಲಿ ಲಾಯ್ಡ್ ಜಾರ್ಜ್ ಹಣಕಾಸು ಮಂತ್ರಿಯಾಗಿದ್ದಾಗ ಕಾಯ್ದೆ ಬಂತು. ಎಪ್ಪತ್ತು ದಾಟಿದ, ವರ್ಷದ ಆದಾಯ 21 ಪೌಂಡಿಗಿಂತ ಹೆಚ್ಚಿಲ್ಲದವರಿಗೆ ವಾರಕ್ಕೆ 5 ಶಿಲ್ಲಿಂಗ್. ಅದಕ್ಕಿಂತ ಸ್ವಲ್ಪ ಹೆಚ್ಚಿದ್ದವರಿಗೆ ಕಡಿತ. ಜೈಲಿಗೆ ಹೋಗಿ ಬಂದವರಿಗೆ, ದುಡಿಯುವ ಅಭ್ಯಾಸವಿಲ್ಲದವರಿಗೆ ಇಲ್ಲ. ಹಳೆಯ ಅನುಮಾನ ಪೂರ್ತಿ ಹೋಗಿರಲಿಲ್ಲ. ಆದರೆ ಒಂದು ಸಣ್ಣ ಬದಲಾವಣೆ ಎಲ್ಲವನ್ನೂ ಬೇರೆ ಮಾಡಿತು. ಹಣ ಕೊಡುವ ಜಾಗ ವರ್ಕ್‌ಹೌಸಿನ ಅಧಿಕಾರಿಯ ಮೇಜಲ್ಲ, ಅಂಚೆ ಕಚೇರಿ. ಕಾಗದ ಹಾಕಲು, ಮನಿಯಾರ್ಡರು ಮಾಡಲು ಎಲ್ಲರೂ ಹೋಗುವ ಜಾಗ ಅದು. 1909ರ ಜನವರಿ ಒಂದರಂದು ಮೊದಲ ಪಿಂಚಣಿಗಾಗಿ ಬಂದವರಲ್ಲಿ ಹೆಚ್ಚಿನವರು ಹೆಂಗಸರು. ಅಲ್ಲಿಯವರೆಗೆ ಅವರೆಲ್ಲ ಅಷ್ಟೊಂದು ಬಡವರಾಗಿದ್ದರೆಂಬುದು ಸರಕಾರಕ್ಕೆ ತಿಳಿದೇ ಇರಲಿಲ್ಲ. ವರ್ಕ್‌ಹೌಸಿನ ಹೆದರಿಕೆಯಿಂದ ಅವರು ಯಾವ ಲೆಕ್ಕದಲ್ಲೂ ಸಿಗದೆ ಹಸಿದುಕೊಂಡೇ ಇದ್ದರು.

ವಯಸ್ಸನ್ನು ಸಾಬೀತುಪಡಿಸುವುದು ದೊಡ್ಡ ಫಜೀತಿ. ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಎಪ್ಪತ್ತು ದಾಟಿದವರ ಬಳಿ ದಾಖಲೆ ಎಲ್ಲಿಂದ ಬರಬೇಕು? 1839ರ ಜನವರಿ 6ರ ರಾತ್ರಿ ಅಲ್ಲಿ ಮನೆಮಾಡುಗಳನ್ನೆಲ್ಲ ಹಾರಿಸಿಕೊಂಡು ಹೋದ ಭೀಕರ ಬಿರುಗಾಳಿ ಬೀಸಿತ್ತು. ಆ ‘ದೊಡ್ಡ ಗಾಳಿಯ ರಾತ್ರಿ’ ತನಗೆ ನೆನಪಿದೆ ಎಂದು ಹೇಳುವುದೇ ಅನೇಕರಿಗೆ ವಯಸ್ಸಿನ ಪುರಾವೆಯಾಯಿತು. ಆ ರಾತ್ರಿಯನ್ನು ನೆನಪಿಟ್ಟುಕೊಂಡವರ ಸಂಖ್ಯೆ ಅಧಿಕಾರಿಗಳು ನಿರೀಕ್ಷಿಸಿದ್ದಕ್ಕಿಂತ ಬಹಳ ಹೆಚ್ಚಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ. ನೆರೆಯ ವರ್ಷ, ಬರದ ವರ್ಷ ಎಂದು ಎಣಿಸಿ ವಯಸ್ಸು ಹೇಳುವ ನಮ್ಮ ಅಜ್ಜಿಯರು ತಾಲೂಕು ಕಚೇರಿಯ ಕಿಟಕಿಯ ಮುಂದೆ ನಿಂತಾಗ ಈ ಐರಿಷ್ ಅಜ್ಜಿಯರ ನೆನಪಾಗುತ್ತದೆ.

ಈ ಹಣ ಎಲ್ಲಿಂದ? ಲಾಯ್ಡ್ ಜಾರ್ಜ್ 1909ರ ಬಜೆಟಿನಲ್ಲಿ ಶ್ರೀಮಂತರ ಆದಾಯದ ಮೇಲೆ, ಜಮೀನಿನ ಮೇಲೆ ಹೊಸ ತೆರಿಗೆ ಹಾಕಿದರು. ಜಮೀನ್ದಾರರೇ ತುಂಬಿದ್ದ ಲಾರ್ಡ್ಸ್ ಸಭೆ ಬಜೆಟನ್ನೇ ತಿರಸ್ಕರಿಸಿತು. ಎರಡು ಚುನಾವಣೆಗಳು ನಡೆದು, 1911ರಲ್ಲಿ ಆ ಸಭೆಯ ಅಧಿಕಾರವನ್ನೇ ಮೊಟಕುಗೊಳಿಸುವ ಕಾಯ್ದೆ ಬಂತು. ವಾರಕ್ಕೆ ಐದು ಶಿಲ್ಲಿಂಗಿನ ಜಗಳ ಬ್ರಿಟನ್ನಿನ ಸಂವಿಧಾನವನ್ನೇ ಬದಲಿಸಿತು.

ಬಾಬರ್‌ನಾಮಾದ ಮನೆಯಿಂದ

ಬ್ರಿಟನ್ನಿನ ಮುಂದಿನ ಅಧ್ಯಾಯ ವಿಲಿಯಂ ಬೆವರಿಜ್‌ನದು. ಈತ ಹುಟ್ಟಿದ್ದು 1879ರಲ್ಲಿ ಬಂಗಾಳದ ರಂಗಪುರದಲ್ಲಿ. ಅದು ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಹೆನ್ರಿ ಬೆವರಿಜ್ ಐಸಿಎಸ್ ಅಧಿಕಾರಿ. ತಾಯಿ ಆನೆಟ್ ಬೆವರಿಜ್ ಬಾಬರ್‌ನಾಮಾವನ್ನು ಮೂಲ ತುರ್ಕಿಯಿಂದಲೂ ಗುಲ್‌ಬದನ್ ಬೇಗಂಳ ಹುಮಾಯೂನ್‌ನಾಮಾವನ್ನು ಪಾರ್ಸಿಯಿಂದಲೂ ಇಂಗ್ಲಿಷಿಗೆ ತಂದ ವಿದುಷಿ. ಮೊಘಲರ ಇತಿಹಾಸ ಓದುವವರಿಗೆಲ್ಲ ಪರಿಚಿತವಾದ ಈ ಹೆಸರೂ ಇಂಗ್ಲೆಂಡಿನ ಕಲ್ಯಾಣ ರಾಜ್ಯದ ಹೆಸರೂ ಒಂದೇ ಮನೆಯವು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಯುದ್ಧದ ನಡುವೆ, 1942ರ ಡಿಸೆಂಬರಿನಲ್ಲಿ ಬಂದ ಬೆವರಿಜ್ ವರದಿಯನ್ನು ಜನ ಸಾಲುಗಟ್ಟಿ ನಿಂತು ಕೊಂಡರು. ಎಲ್ಲರೂ ಒಂದೇ ದರದಲ್ಲಿ ಕಂತು ಕಟ್ಟಬೇಕು, ಎಲ್ಲರಿಗೂ ಒಂದೇ ದರದಲ್ಲಿ ಸಿಗಬೇಕು ಎಂಬುದು ಅದರ ತಿರುಳು. ಇದಕ್ಕೆ ಜನ ಅಷ್ಟೊಂದು ಹಾತೊರೆಯಲು ಕಾರಣ 1930ರ ದಶಕದ ಕಹಿ ನೆನಪು. ಆಗ ನೆರವು ಕೊಡುವ ಮೊದಲು ಇಡೀ ಮನೆಯ ಆದಾಯ ಲೆಕ್ಕ ಹಾಕುತ್ತಿದ್ದರು. ಮಗನಿಗೆ ಕೆಲಸ ಸಿಕ್ಕಿತೆಂದರೆ ತಂದೆಯ ನೆರವು ಕಡಿತ. ತಂದೆಯ ನೆರವು ಉಳಿಯಲಿ ಎಂದು ಮಕ್ಕಳು ಮನೆ ಬಿಟ್ಟು ಬೇರೆ ಬಾಡಿಗೆ ಕೋಣೆ ಹಿಡಿದರು. ಕುಟುಂಬವನ್ನು ಗಟ್ಟಿಗೊಳಿಸಲು ತಂದ ಕಾನೂನು ಕುಟುಂಬವನ್ನೇ ಒಡೆಯಿತು. 1941ರಲ್ಲಿ ಈ ಪದ್ಧತಿಯನ್ನೂ, 1948ರ ಜುಲೈ 5ರಂದು ಬಡವರ ಕಾಯ್ದೆಯನ್ನೂ, ಅದರ ಜೊತೆಗೆ ಬೆಳೆದ ಮಕ್ಕಳು ಹೆತ್ತವರನ್ನು ಸಾಕತಕ್ಕದ್ದೆಂಬ ಹಳೆಯ ಕಟ್ಟಳೆಯನ್ನೂ ಬ್ರಿಟನ್ ಕೈಬಿಟ್ಟಿತು. ಮಕ್ಕಳ ಪ್ರೀತಿ ಅಲ್ಲಿಗೆ ಬತ್ತಿತೇ? ಕಾಸಿನ ಜಗಳ ನಿಂತ ಮೇಲೆ ಮಗ ತಂದೆಯ ಮನೆಗೆ ಬಂದು ಹೋಗುವುದು ಸುಲಭವಾಯಿತೆಂದೇ ನನಗೆ ಕಾಣುತ್ತದೆ.

ಅಮೆರಿಕ ತಡವಾಗಿ ಎಚ್ಚೆತ್ತಿತು. ಸ್ವಾವಲಂಬನೆಯೇ ಧರ್ಮವೆಂದು ನಂಬಿದ್ದ ದೇಶ ಅದು. 1929ರ ಕುಸಿತದಲ್ಲಿ ಬ್ಯಾಂಕುಗಳು ಮುಳುಗಿದಾಗ, ಜೀವಮಾನವಿಡೀ ಕೂಡಿಟ್ಟವರೂ ಕುಡುಕರೂ ಒಂದೇ ಸಾಲಿನಲ್ಲಿ ಗಂಜಿಗೆ ನಿಂತರು. ಕ್ಯಾಲಿಫೋರ್ನಿಯಾದ ಫ್ರಾನ್ಸಿಸ್ ಟೌನ್ಸೆಂಡ್ ಎಂಬ ವಯಸ್ಸಾದ ಡಾಕ್ಟರ್ 1933ರಲ್ಲಿ ಒಂದು ಯೋಜನೆ ಹೊರಡಿಸಿದರು: ಅರುವತ್ತು ದಾಟಿದವರಿಗೆಲ್ಲ ತಿಂಗಳಿಗೆ 200 ಡಾಲರ್, ಅದನ್ನು ಒಂದೇ ತಿಂಗಳಲ್ಲಿ ಖರ್ಚು ಮಾಡಬೇಕು. ಲೆಕ್ಕಕ್ಕೆ ನಿಲ್ಲದ ಯೋಜನೆ. ಆದರೆ ಊರೂರಲ್ಲಿ ಅವರ ಹೆಸರಿನ ಕ್ಲಬ್ಬುಗಳು ಹುಟ್ಟಿ ರೂಸ್‌ವೆಲ್ಟ್ ಸರಕಾರದ ನಿದ್ದೆ ಕೆಡಿಸಿದವು. ಕಾರ್ಮಿಕ ಮಂತ್ರಿ ಫ್ರಾನ್ಸಿಸ್ ಪರ್ಕಿನ್ಸ್ ಅವರ ಸಮಿತಿ ಸಿದ್ಧಪಡಿಸಿದ ಸಾಮಾಜಿಕ ಭದ್ರತಾ ಕಾಯ್ದೆಗೆ 1935ರ ಆಗಸ್ಟ್ 14ರಂದು ಸಹಿ ಬಿತ್ತು. ಅಮೆರಿಕದ ಮಂತ್ರಿಮಂಡಲದಲ್ಲಿ ಕುಳಿತ ಮೊದಲ ಮಹಿಳೆ ಈಕೆ. ಆದರೆ ಕಾಯ್ದೆಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಡಲಾಯಿತು. ಆ ದೇಶದ ಕರಿಯ ದುಡಿಮೆಗಾರರಲ್ಲಿ ಹೆಚ್ಚಿನವರು ಇದ್ದುದೇ ಈ ಎರಡು ಕೆಲಸಗಳಲ್ಲಿ. ಅವರಿಗೆ ಬಾಗಿಲು ತೆರೆದುಕೊಂಡದ್ದು 1950 ಮತ್ತು 1954ರ ತಿದ್ದುಪಡಿಗಳಲ್ಲಿ.

ಸ್ವೀಡನ್ 1913ರಲ್ಲೇ ಕಾರ್ಮಿಕರಿಗೆ ಮಾತ್ರವಲ್ಲದೆ ರೈತರು, ಹೆಂಗಸರು ಎಲ್ಲರನ್ನೂ ಒಳಗೊಂಡ ಪಿಂಚಣಿ ಕಾಯ್ದೆ ಮಾಡಿತ್ತು. 1948ರಿಂದ ಆದಾಯ ನೋಡದೆ ಎಲ್ಲ ವೃದ್ಧರಿಗೂ ಸಮಾನ ಪಿಂಚಣಿ ಕೊಡತೊಡಗಿತು. ಶ್ರೀಮಂತನಿಗೂ ಯಾಕೆ ಕೊಡಬೇಕು ಎಂದು ಕೇಳುವವರಿದ್ದಾರೆ. ಬಡವರಿಗೆ ಮಾತ್ರ ಎಂದು ಮಾಡಿದ ಯೋಜನೆಯನ್ನು ಕಾಪಾಡಲು ಬಡವರು ಮಾತ್ರ ಇರುತ್ತಾರೆ. ಎಲ್ಲರಿಗೂ ಇರುವ ಯೋಜನೆಯನ್ನು ಮುಟ್ಟಲು ಯಾವ ಸರಕಾರವೂ ಹೆದರುತ್ತದೆ. ಸ್ವೀಡನ್ನಿನ ಅನುಭವ ಕಲಿಸುವುದು ಇದನ್ನೇ.

ಇದಕ್ಕೆ ತೀರಾ ವಿರುದ್ಧವಾದ ಪ್ರಯೋಗ ಚಿಲಿಯದು. 1981ರಲ್ಲಿ ಪಿನೊಚೆಯ ಸೇನಾಡಳಿತ ಹಳೆಯ ಸಾರ್ವಜನಿಕ ಪಿಂಚಣಿಯನ್ನು ಮುಚ್ಚುತ್ತಾ ಬಂದು, ಪ್ರತಿಯೊಬ್ಬ ಕಾರ್ಮಿಕನೂ ಸಂಬಳದ ಶೇ. 10ನ್ನು ಖಾಸಗಿ ಕಂಪೆನಿಗಳ ಬಳಿ ತನ್ನದೇ ಖಾತೆಯಲ್ಲಿಡಬೇಕೆಂದಿತು. ಧಣಿಯ ಪಾಲು ರದ್ದಾಯಿತು. ವಿಶ್ವ ಬ್ಯಾಂಕ್ ಇದನ್ನು ಮೆಚ್ಚಿಕೊಂಡಿತು, ಹಲವು ದೇಶಗಳು ಅನುಕರಿಸಿದವು. ಈ ಯೋಜನೆಯನ್ನು ತಂದ ಸೇನೆ ಮಾತ್ರ ತನಗೆ ಹಳೆಯ ಪಿಂಚಣಿಯನ್ನೇ ಇಟ್ಟುಕೊಂಡಿತು. ಅದಕ್ಕಿಂತ ದೊಡ್ಡ ವಿಮರ್ಶೆ ಬೇಕಾಗಿಲ್ಲ. ಕೆಲಸ ಆಗಾಗ ತಪ್ಪುತ್ತಿದ್ದವರ, ಅದರಲ್ಲೂ ಹೆಂಗಸರ ಖಾತೆಗಳಲ್ಲಿ ಮುಪ್ಪಿಗೆ ಉಳಿದದ್ದು ಚಿಲ್ಲರೆ ಕಾಸು. 2008ರಲ್ಲಿ ಬ್ಯಾಚಲೆಟ್ ಸರಕಾರ ಬಡವರಿಗೆ ತೆರಿಗೆಯ ಹಣದಿಂದ ಪಿಂಚಣಿ ಸೇರಿಸಬೇಕಾಯಿತು, 2022ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಲಾಯಿತು, 2025ರಲ್ಲಿ ಧಣಿಯ ಪಾಲನ್ನೂ ಮರಳಿ ತರುವ ಕಾನೂನು ಬಂತು.

ಬೀಡಿಯ ಮೊರದಿಂದ ತಾಲೂಕು ಕಚೇರಿಗೆ

ನಮ್ಮ ದೇಶದಲ್ಲಿ ಈ ಎಲ್ಲ ದಾರಿಗಳೂ ಒಂದರ ಪಕ್ಕದಲ್ಲೊಂದು ಇವೆ. ಸರಕಾರಿ ನೌಕರರಿಗೆ ಬ್ರಿಟಿಷರ ಕಾಲದಿಂದ ಬಂದ ಪಿಂಚಣಿ ಇತ್ತು. ಕೇಂದ್ರದಲ್ಲಿ 2004ರಿಂದ, ಕರ್ನಾಟಕದಲ್ಲಿ 2006ರಿಂದ ಸೇರಿದವರಿಗೆ ಅದರ ಬದಲು ಸ್ವಂತ ಖಾತೆಯ ಎನ್‌ಪಿಎಸ್ ಬಂತು. ಕಾರ್ಖಾನೆಯ ಕಾರ್ಮಿಕರಿಗೆ 1952ರ ಭವಿಷ್ಯನಿಧಿ ಕಾಯ್ದೆಯಿದೆ. ಇದು ಬಿಸ್ಮಾರ್ಕನ ದಾರಿಯ ದೂರದ ನೆಂಟ.

ಈ ದಾರಿ ಕರಾವಳಿಯ ಹೆಂಗಸರ ಮನೆಯಂಗಳಕ್ಕೂ ಬಂದ ಬಗೆ ನಮ್ಮ ಓದುಗರು ತಿಳಿಯಬೇಕಾದದ್ದು. ಬೀಡಿ ಉದ್ಯಮವನ್ನು 1977ರಲ್ಲಿ ಭವಿಷ್ಯನಿಧಿ ಕಾಯ್ದೆಯಡಿ ತರಲಾಯಿತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು ನಮ್ಮ ಕೆಲಸಗಾರರೇ ಅಲ್ಲ, ಎಲೆ ತಂಬಾಕು ಕೊಂಡೊಯ್ದು ಅವರಿಗೆ ಬೇಕಾದಾಗ ಕಟ್ಟುತ್ತಾರೆ ಎಂದು ಉದ್ಯಮದವರು ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ನ್ಯಾಯಾಲಯ ಈ ವಾದ ಒಪ್ಪಲಿಲ್ಲ. ಸರಿಯಾಗಿ ಕಟ್ಟದ ಬೀಡಿಯನ್ನು ತಿರಸ್ಕರಿಸುವ ಹಕ್ಕು ಧಣಿಗೆ ಇದೆ ಎಂದಾದರೆ ಕೆಲಸದ ಮೇಲೆ ಅವನ ಹತೋಟಿಯೂ ಇದೆ, ಆದ್ದರಿಂದ ಮನೆಯಲ್ಲಿ ಕಟ್ಟುವವಳೂ ಅವನ ಕೆಲಸಗಾರಳೇ ಎಂದಿತು. ಕಟ್ಟಿದ ಬೀಡಿಯಲ್ಲಿ ಒಂದು ಪಾಲನ್ನು ಎಸೆಯುತ್ತಿದ್ದುದನ್ನು ಕಣ್ಣಾರೆ ಕಂಡ ಹೆಂಗಸರಿಗೆ, ಆ ಎಸೆತವೇ ತಮ್ಮ ಪಿ.ಎಫ್.ಗೆ ಸಾಕ್ಷಿಯಾಗುತ್ತದೆಂದು ಯಾರು ತಾನೆ ಹೇಳಿದ್ದರು! 1995ರ ಪಿಂಚಣಿ ಯೋಜನೆಯ ಪ್ರಕಾರ ಕನಿಷ್ಠ ಹತ್ತು ವರ್ಷದ ಸೇವೆಯಿದ್ದವರಿಗೆ 58ರ ಮೇಲೆ ಪಿಂಚಣಿ. 2014ರಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ ಒಂದು ಸಾವಿರ ರೂಪಾಯಿ. ಹೊಗೆಸೊಪ್ಪಿನ ಧೂಳು ಕುಡಿದ ಮೂವತ್ತು ವರ್ಷಕ್ಕೆ ಇದು ಏನೇನೂ ಸಾಲದು. ಆದರೆ ಕಾರ್ಡಿನಲ್ಲಿ ಹೆಸರಿರುವವಳು ಬೇಡುವುದಿಲ್ಲ, ಕೇಳುತ್ತಾಳೆ.

ಕಾರ್ಡೇ ಇಲ್ಲದವರ ಸಂಖ್ಯೆ ನಮ್ಮಲ್ಲಿ ಬಹುಪಾಲು. ಸಂವಿಧಾನದ 41ನೇ ವಿಧಿ ಮುಪ್ಪಿನಲ್ಲಿ ಸಾರ್ವಜನಿಕ ನೆರವಿನ ಮಾತಾಡುತ್ತದೆ, ಆದರೆ ಸರಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ. ಉತ್ತರ ಪ್ರದೇಶ 1957ರಲ್ಲಿ ವೃದ್ಧಾಪ್ಯ ವೇತನ ಆರಂಭಿಸಿತು, ಕೇರಳ 1980ರಲ್ಲಿ ಕೃಷಿ ಕೂಲಿಗಳಿಗೆ ಪಿಂಚಣಿ ಕೊಟ್ಟಿತು. ಕೇಂದ್ರ ಸರಕಾರ ಕಣ್ಣು ತೆರೆದದ್ದು 1995ರ ಆಗಸ್ಟ್ 15ರಂದು: ದಿಕ್ಕಿಲ್ಲದ, 65 ದಾಟಿದವರಿಗೆ ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. 2011ರಲ್ಲಿ ವಯಸ್ಸಿನ ಮಿತಿ 60ಕ್ಕೆ ಇಳಿಯಿತು, 80 ದಾಟಿದವರಿಗೆ 500 ಆಯಿತು. ಉಳಿದವರಿಗೆ ಕೇಂದ್ರದ ಪಾಲು ಅದೇ 200ರಲ್ಲಿ ನಿಂತಿದೆ. ಜರ್ಮನಿ 1957ರಲ್ಲಿ ಮಾಡಿದ ಕೆಲಸ, ಅಂದರೆ ಪಿಂಚಣಿಯನ್ನು ಕೂಲಿಗೋ ಬೆಲೆಗೋ ಜೋಡಿಸುವುದು, ಇಲ್ಲಿ ನಡೆದಿಲ್ಲ. ಏರಿಸಿದ್ದೆಲ್ಲ ರಾಜ್ಯಗಳು ತಮ್ಮ ಕೈಯಿಂದ. ಕರ್ನಾಟಕದಲ್ಲಿ 2007ರಲ್ಲಿ ಸಣ್ಣ ರೈತರು, ನೇಕಾರರು, ಮೀನುಗಾರರು, ಅಸಂಘಟಿತ ಕಾರ್ಮಿಕರಿಗಾಗಿ ಬಂದ ಸಂಧ್ಯಾ ಸುರಕ್ಷಾ 400 ರೂಪಾಯಿಯಿಂದ ಶುರುವಾಗಿ 2021ರಲ್ಲಿ 1,200ಕ್ಕೆ ಮುಟ್ಟಿತು. ಅದನ್ನು ಪಡೆಯಲು ವಯಸ್ಸಿನ ದಾಖಲೆ, ಆದಾಯದ ದಾಖಲೆ, ವಾಸದ ದಾಖಲೆ ಎಲ್ಲವೂ ಬೇಕು.

ಅದೇ 2007ರಲ್ಲಿ ಸಂಸತ್ತು ಇನ್ನೊಂದು ಕಾಯ್ದೆ ಮಾಡಿತು: ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ. ಮಕ್ಕಳು ನೋಡಿಕೊಳ್ಳದಿದ್ದರೆ ಹೆತ್ತವರು ನ್ಯಾಯಮಂಡಳಿಗೆ ಹೋಗಬಹುದು, ತಿಂಗಳಿಗೆ ಹತ್ತು ಸಾವಿರದವರೆಗೆ ಕೊಡಿಸಬಹುದು. ಆಸ್ತಿ ಬರೆಸಿಕೊಂಡು ಹೊರಹಾಕಿದ ಮಕ್ಕಳಿರುವ ಕಡೆ ಇದು ನಿಜಕ್ಕೂ ಉಪಕಾರಿ. ಇಂಥ ಕಾನೂನು ಜರ್ಮನಿಯಲ್ಲೂ ಇದೆ. ಆದರೆ 2020ರಿಂದ ಅಲ್ಲಿ ವರ್ಷಕ್ಕೆ ಒಂದು ಲಕ್ಷ ಯೂರೊಗಿಂತ ಹೆಚ್ಚು ಸಂಪಾದಿಸುವ ಮಕ್ಕಳಿಂದ ಮಾತ್ರ ವಸೂಲಿ. ಉಳಿದವರ ಹೆತ್ತವರನ್ನು ಸರಕಾರವೇ ನೋಡುತ್ತದೆ. ನಮ್ಮ ಕಾಯ್ದೆಯಲ್ಲಿ ಹೆತ್ತವರನ್ನು ಬಿಟ್ಟುಹೋದ ಮಗನಿಗೆ ಮೂರು ತಿಂಗಳವರೆಗಿನ ಜೈಲು ಇದೆ. ಮಗನೇ ದಿನಗೂಲಿಯವನಾದರೆ ಏನು ಮಾಡಬೇಕೆಂಬುದಕ್ಕೆ 19ನೇ ಕಲಮನ್ನು ನೋಡಬೇಕು. ಪ್ರತಿ ಜಿಲ್ಲೆಯಲ್ಲೂ ದಿಕ್ಕಿಲ್ಲದ ಕನಿಷ್ಠ 150 ಮಂದಿ ವೃದ್ಧರಿಗೆ ರಾಜ್ಯ ಸರಕಾರ ವಸತಿ ಕಟ್ಟಿಸಬಹುದು ಎಂದು ಅಲ್ಲಿದೆ. ಮಗನ ವಿಷಯದಲ್ಲಿ ‘ತಕ್ಕದ್ದು’ ಎಂದಿರುವ ಕಾಯ್ದೆ ಸರಕಾರದ ವಿಷಯಕ್ಕೆ ಬಂದಾಗ ‘ಬಹುದು’ ಎಂದಿದೆ.